ಹೆಚ್ಚುವರಿ ತಾಸು

ನಿಯಮದ ಪ್ರಕಾರ ನಾನು ಅವನಿಗಿಂತ
ಕಡಿಮೆ ಓದಿರಬೇಕು. ಓದಿದ್ದೇನೆ: ಸೆಕೆಂಡ್ ಪಿಯುಸಿ, ಕಾಮರ್ಸ್.
ಅವನದು ಎಂಎ, ಇತಿಹಾಸ, ಕೊನೆಯ ವರ್ಷ.
ಹೆಡ್‌ಕ್ಲರ್ಕು ನನ್ನ ಮಾರ್ಕ್ಸ್‌ಕಾರ್ಡು ಎರಡು ಸಲ ತಿರುವಿ ನೋಡಿ
ನನ್ನ ಅಜ್ಞಾನದ ಮೇಲೆ ಸೀಲು ಒತ್ತಿದರು.

ಎಲ್ಲರ ಪರೀಕ್ಷೆ ಮೇಲಿನ ಮಹಡಿಯಲ್ಲಿ.
ನಮಗೆ ಕೆಳಗೆ, ಆಟದ ಸಾಮಾನಿನ ಕೋಣೆ:
ಗಾಳಿ ಹೋದ ವಾಲಿಬಾಲು, ಮೂರು ಕಾಲಿನ ಬೆಂಚು,
ಹೋದ ಸಲದ ಘಟಿಕೋತ್ಸವದ ಕಮಾನು.
"ಇದು ನಿಮಗೆ ವಿಶೇಷ ಕೊಠಡಿ,"
ಅನ್ನುತ್ತ ಮೇಲ್ವಿಚಾರಕರು ಸೀನಿದರು, ಧೂಳಿಗೆ.

ದಾದಾಪೀರ್ ಬಂದ.
ಮಂಡಕ್ಕಿ ಭಟ್ಟಿಯ ಹೊಗೆವಾಸನೆ ಅವನಿಗಿಂತ ಅರ್ಧ ಹೆಜ್ಜೆ ಮುಂದೆ.
ಕೋಲು ಬಾಗಿಲಿಗೆ ತಾಗಿತು, ಬೆಂಚಿಗೆ ತಾಗಿತು,
ನನ್ನ ಚಪ್ಪಲಿಗೆ ತಾಗಿ ನಿಂತಿತು.
"ನೀನೇನಾ ಕೈ?"
"ಹೂಂ. ಕೊಟ್ರಮ್ಮ."

ಪ್ರಶ್ನೆ ಓದಿದೆ. ಕೇಳಿ, ಸುಮ್ಮನಿದ್ದ.
ಆಮೇಲೆ ಕಾದ ಮರಳಲ್ಲಿ ಅಕ್ಕಿ ಅರಳುವ ಹಾಗೆ
ಮೊದಲು ಒಂದು, ಆಮೇಲೆ ನಾಕು,
ಆಮೇಲೆ ಮೊರ ಒಡ್ಡಿದರೂ ಹಿಡಿಯಲಾರೆ.
"ಅಲ್ಪವಿರಾಮ. ಅಲ್ಲ, ತೆಗಿ. ಪೂರ್ಣವಿರಾಮ. ಹೊಸ ಪ್ಯಾರಾ."
ತಾಮ್ರಪಟ, ಅಗ್ರಹಾರ, ಸುಂಕ, ವೀರಗಲ್ಲು
ನನ್ನ ಬೆರಳ ಸಂದಿಯಲ್ಲೇ ಹಾದು ಹೋದವು
ನನ್ನನ್ನು ಯಾರೆಂದು ಕೇಳದೆ.

ಒಂದು ಕಡೆ ಇಸವಿ ತಪ್ಪಿದ.
ಹತ್ತನೇ ಕ್ಲಾಸಿನ ಪಾಠ, ನನಗೆ ಗೊತ್ತಿತ್ತು.
ತಿದ್ದಿದರೆ ಅದು ನಕಲು.
ನಾಲಿಗೆ ಕಚ್ಚಿಕೊಂಡು ತಪ್ಪನ್ನೇ ದುಂಡಗೆ ಬರೆದೆ.
ಕಡಿಮೆ ಓದಿರುವುದು ಎಷ್ಟು ಕಷ್ಟದ ಕೆಲಸ!

ಐದಕ್ಕೆ ಗಂಟೆ ಹೊಡೆಯಿತು. ಅದು ನಮ್ಮದಲ್ಲ.
ಮೆಟ್ಟಿಲ ತುಂಬ ಕಾಲು, ಸ್ಕೂಟಿಗಳ ಸದ್ದು,
ತೋಳಹುಣಸೆ ಗೇಟಿನಲ್ಲಿ ದಾವಣಗೆರೆ ಬಸ್ಸಿನ ಹಾರ್ನು.
ತಾಸಿಗೆ ಇಪ್ಪತ್ತು ನಿಮಿಷದಂತೆ ನಮಗಿನ್ನೂ ಒಂದು ತಾಸು.
ಮೇಲ್ವಿಚಾರಕರು ಗಡಿಯಾರ ನೋಡಿಕೊಂಡರು,
ತಮ್ಮ ಜೇಬಿಂದ ಕೊಟ್ಟ ಕೈಗಡದ ಹಾಗೆ.

ಬೆರಳು ನೆಟಿಕೆ ತೆಗೆಯುತ್ತ ಕೇಳಿದೆ:
"ಅಣ್ಣಾ, ನಾವು ಬರಿಯೋ ಅಕ್ಷರ ಗೊತ್ತಾ ನಿಮಗೆ?"
"ಬ್ರೈಲ್ ಗೊತ್ತು. ನಿಮ್ಮದು ಮುಟ್ಟಿದ್ದು ಒಂದೇ ಸಲ,
ಹರಿಹರದ ಗುಡಿಯಾಗೆ, ಶಾಸನದ ಕಲ್ಲು.
ಎಂಟುನೂರು ವರ್ಷದ ಹಿಂದಿನ 'ಕ' ನಂಗೊತ್ತು.
ಈಗಿನ 'ಕ' ಹೆಂಗೈತಿ?"
ಯೋಚಿಸಿದೆ. "ವಸಿ ದಪ್ಪ ಆಗೈತಿ."
ನಕ್ಕ. "ಶಾಸನದ ಕೊನೀಗೆ ಬರೆದವನ ಹೆಸರು ಹಾಕ್ತಿದ್ರು.
ಇದ್ರಾಗೆ ನಿಂದು ಎಲ್ಲೂ ಇಲ್ಲ ನೋಡು."
"ಮಾತು ಸಾಕು," ಅಂದರು ಮೇಲ್ವಿಚಾರಕರು.

ನವೆಂಬರಿನ ಹೊತ್ತು, ಬೇಗ ಕಂತಿತು.
ಎಲ್ಲ ಹೋದರೆಂದು ಅಟೆಂಡರ್ ಹಾಲಪ್ಪ
ಮೇನ್ ಸ್ವಿಚ್ಚು ಎಳೆದ.
ದಾದಾಪೀರ್ ಇನ್ನೂ ಎರಡು ವಾಕ್ಯ ಹೇಳಿ ನಿಂತ.
"ಯಾಕೆ, ಪೆನ್ನಿನ ಸದ್ದಿಲ್ಲ?"
"ಲೈಟ್ ಹೋತು. ಕಾಣವಲ್ದು."
ಮೂರು ಕಾಲಿನ ಬೆಂಚು ಅಲುಗುವ ಹಾಗೆ ನಕ್ಕ.
"ಸರ್, ಈ ಹುಡುಗಿಗೆ ಬೆಳಕು ಬೇಕಂತೆ.
ಅರ್ಜಿ ಕೊಟ್ರೆ ಸಾಕಾ,
ಡಾಕ್ಟರ್ ಸರ್ಟಿಫಿಕೇಟೂ ತರಬೇಕಾ?"

ಬೆಳಕು ಬಂತು. ಹೋದ ನಾಕು ನಿಮಿಷ
ಯಾರ ಲೆಕ್ಕಕ್ಕೂ ಸಿಗಲಿಲ್ಲ.

ಹೆಬ್ಬೆಟ್ಟಿಗೆಂದು ತಂದ ಶಾಯಿಡಬ್ಬಿ ಪಕ್ಕಕ್ಕೆ ಸರಿಸಿ
ಸ್ಕೇಲಿನ ಅಂಚು ಹಿಡಿದು ಸಹಿ ಮಾಡಿದ,
ಕೊನೆಯ ಅಕ್ಷರ ಗೆರೆ ದಾಟಿ ಮೇಲೆ ಹತ್ತಿತು.
ಆಮೇಲೆ ಹಾಳೆ ಮಗುಚಿ, ಬರೆಯದ ಬದಿಗೆ ಬೆರಳಾಡಿಸಿ
"ಬಾಳ ಒತ್ತಿ ಬರೀತಿ," ಅಂದ.

ಬಸ್ಸಿಲ್ಲ. ಗೇಟಿನ ತನಕ ಅವನ ಕೈ ನನ್ನ ಮೊಣಕೈ ಮೇಲೆ.
ಗುಂಡಿ ಬಂದಾಗ ನಾನು ಹೇಳುವ ಮೊದಲೇ
ಅವನೇ ಹೇಳಿದ, "ಇಲ್ಲಿ ಹುಷಾರು."

ಬರೆದವಳ ಗೌರವಧನದ ವೋಚರಿನಲ್ಲಿ ಮಾತ್ರ
ನನ್ನ ಹೆಸರು, ತಂದೆಯ ಹೆಸರು, ಮನೆ ನಂಬರು,
ಎಲ್ಲ ತಪ್ಪಿಲ್ಲದೆ ಬರೆದು ಕೊಟ್ಟಿದ್ದೇನೆ.
ಅದು ಇನ್ನೂ ಪಾಸಾಗಿಲ್ಲ.