ಸೂರಿನ ದೋಣಿ

ಮೇಜಿನ ಮೇಲೆ ಎರಡು ತುಂಡು ಇಟ್ಟ ಐನಾರ್ ಹಕಲಾ,
ಗೇಣುದ್ದದವು, ಎರಡಕ್ಕೂ ಒಂದೇ ಬಿಳಿ ಬಣ್ಣ.
ಒಂದು ಉಕ್ಕು, ಒಂದು ಅಲ್ಯುಮಿನಿಯಂ.
"ಎತ್ತಿ ನೋಡಿ" ಎಂದ.
ನಾನು ಎತ್ತಲಿಲ್ಲ, ಬೆರಳ ಗೆಣ್ಣಿನಿಂದ ಬಡಿದೆ,
ಪಾತ್ರೆ ಅಂಗಡಿಯಲ್ಲಿ ಕೊಡಪಾನ ಬಡಿಯುವ ಹಾಗೆ.
ಒಂದು ಣಣ್ ಎಂದಿತು.
ಇನ್ನೊಂದು ಡಬ್ ಎಂದು ಸುಮ್ಮನಾಯಿತು.

ಹಳೆಯದು ಬಿದ್ದದ್ದು ಫೆಬ್ರವರಿಯ ಒಂದು ನಡುರಾತ್ರಿ.
ಡುಲೂತಿನ ಗುಡ್ಡದ ಮೇಲೆ, ಸರೋವರದ ಗಾಳಿಗೆ
ಸೂರಿನುದ್ದ ಹೆಪ್ಪುಗಟ್ಟಿದ ಹಿಮ, ಆಳುದ್ದದ ಕೋಡುಗಳು.
ಮೊಳೆ ಒಂದೊಂದಾಗಿ ಕಳಚಿ
ಇಡೀ ಸಾಲು ಬಂದು ಕಸದ ಡಬ್ಬಿಯ ಮೇಲೆ ಕೂತಿತು.
ಶಂಭುಲಿಂಗ ದಡಕ್ಕನೆ ಎದ್ದು "ಗಾಡಿ ಬಂತೇನು?" ಅಂದಿದ್ದ.

ನಿದ್ದೆಯಲ್ಲೂ ಅವನಿಗೆ ಗಾಡಿಯದೇ ಲೆಕ್ಕ.
ಬಂದರಿನ ಕಟ್ಟೆಯ ಬುಡದಲ್ಲಿ, ತೂಕದ ಕೋಣೆಯಲ್ಲಿ ಕೆಲಸ,
ಗೋಲಿಯಂಥ ಅದಿರುಂಡೆ ಹಡಗಿಗೆ ಸುರಿಯುವ ಮೊದಲು
ತೂಗಿ ಬರೆದುಕೊಳ್ಳಬೇಕು.
ಹುಟ್ಟಿದ್ದು ಸಂಡೂರು. ಅಲ್ಲಿ ಬಿಳಿ ಅಂಗಿ
ಪ್ರಾರ್ಥನೆ ಮುಗಿಯುವ ತನಕ ಮಾತ್ರ ಬಿಳಿ.
"ಉಕ್ಕು ಅಂದ್ರ ಉಕ್ಕು" ಅಂದ. "ಇದು ಹಾಸ್ಟೆಲ್ಲಿನ ತಾಟು,
ಜೋರಾಗಿ ನೋಡಿದ್ರ ಸೊಟ್ಟ."

"ತುಕ್ಕು?" ಅಂದೆ. "ಕತ್ತರಿಸಿದ ಅಂಚಲ್ಲಿ
ಬಣ್ಣ ಎದ್ದರೆ ಮುಗೀತು, ಗೋಡೆ ತುಂಬ ಕಂದು ಗೆರೆ."
"ಹುಣಸಿಹಣ್ಣು ಬಿದ್ರ ನಿಂದೂ ಕಪ್ಪಾಗ್ತೈತಿ."
"ಸೂರಿನ ಮೇಲೆ ಸಾರು ಕುದಿಸೋರು ಯಾರು?"
ಐನಾರ್‌ಗೆ ಕನ್ನಡ ಬಾರದು.
ಆದರೂ ನಲವತ್ತು ವರ್ಷದ ಸಂಸಾರಸ್ಥ,
ಎಲ್ಲ ತಿಳಿದವನಂತೆ ಕಾಫಿ ಲೋಟದ ತಳ ನೋಡಿದ.

ಕಡೆಗೆ ರಾಜಿ. ಬೀದಿ ಕಡೆಗೆ ಅವನದು, ಹಿತ್ತಲಿಗೆ ನನ್ನದು,
ಮೂಲೆಯಲ್ಲಿ ಎರಡೂ ಕೂಡಿಸಿಬಿಡಿ.
ಐನಾರ್ ತಲೆಯಾಡಿಸಿದ.
"ಕೂಡಿಸಬಾರದು. ಒಣಗಿದ್ದಾಗ ಏನೂ ಇಲ್ಲ.
ನೀರು ತಾಗಿತೋ, ಒಂದು ಇನ್ನೊಂದನ್ನು ತಿನ್ನುತ್ತೆ,
ಸದ್ದಿಲ್ಲದೆ."
ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ.
ನಾನೆದ್ದು ಒಲೆ ಆರಿಸಿದೆ.
ಒಲೆ ಉರಿಯುತ್ತಿರಲಿಲ್ಲ.

ದರಪಟ್ಟಿ ಮಡಿಚಿ, ಬಾಗಿಲ ತನಕ ಹೋಗಿ, ತಿರುಗಿ
ಇನ್ನೊಂದು ಕೇಳಿದ, ಮೊದಲೇ ಕೇಳಬೇಕಿತ್ತು ಎಂಬಂತೆ:
"ಎಲೆ ತೆಗೆಯಲು ಏಣಿ ಹತ್ತುವವರು ಯಾರು?"

ಶಂಭುಲಿಂಗನಿಗೆ ಮೂರನೇ ಮೆಟ್ಟಿಲಲ್ಲೇ ತಲೆ ಸುತ್ತು.
ಕೈಲಿದ್ದ ಉಕ್ಕಿನ ತುಂಡನ್ನು ಒಮ್ಮೆ ತೂಗಿ ನೋಡಿ
ಮೇಜಿಗಿಟ್ಟ, ಇಟ್ಟದ್ದು ಕೇಳಿಸದ ಹಾಗೆ.
"ಆಕಿ ಹತ್ತತಾಳ" ಅಂದ,
ಐನಾರ್‌ಗೆ, ಕನ್ನಡದಲ್ಲೇ.

ದಪ್ಪ ತಗಡಿನದೇ ಹಾಕಿಸಿದೆವು, ಅಡಿಗೊಂದು ಕೊಂಡಿ.
ಒಂದು ಕಡೆ ಕಳಚಿದರೆ ಒಂದೇ ಕೈಯಲ್ಲಿ ಎತ್ತಿ ಸಿಕ್ಕಿಸುತ್ತೇನೆ.
ನಮ್ಮ ಮಾತಲ್ಲಿ ಇದಕ್ಕೆ ದೋಣಿ ಅನ್ನುತ್ತಾರೆ.
ಕೆಳಗೆ ಸಾವಿರ ಅಡಿಯ ಹಡಗು ಕೂಗಿ
ಇವನು ತೂಗಿದ್ದನ್ನೆಲ್ಲ ಹೊತ್ತು ಹೊರಡುತ್ತದೆ.
ಮೇಲೆ ನಮ್ಮದು, ಬರ್ಚ್ ಎಲೆ, ಅಳಿಲು ಮರೆತ ಕಾಯಿ,
ಯಾರದೋ ಟೆನಿಸ್ ಚೆಂಡು ಹೊತ್ತು
ಎಲ್ಲಿಗೂ ಹೋಗುವುದಿಲ್ಲ.

ಮೂರು ಚಳಿಗಾಲ ತಡೆದಿದೆ.
ಸೊಟ್ಟಾಗಿರುವುದು ಒಂದೇ ಕಡೆ,
ಹಿಮಕ್ಕಲ್ಲ, ಆಲಿಕಲ್ಲಿಗಲ್ಲ,
ಪ್ರತಿ ಅಕ್ಟೋಬರ್ ನಾನು ಏಣಿ ಆನಿಸುವ ಜಾಗದಲ್ಲಿ,
ಕಲಸಿದ ಹಿಟ್ಟಿಗೆ ಹೆಬ್ಬೆರಳು ಒತ್ತಿದಷ್ಟು ತಗ್ಗು.
ಕೆಳಗೆ ಅವನು ಏಣಿಯ ಕಾಲು ಎರಡೂ ಕೈಲಿ ಹಿಡಿದು
ಮೇಲೆ ನೋಡದೆ ಕೇಳುತ್ತಾನೆ,
"ಎಲ್ಲೆರ ಸೊಟ್ಟ ಆಗೇತೇನು?"
ಒದ್ದೆ ಎಲೆ ಮೆತ್ತಿದ ಕೈಗವಸು ತಗ್ಗಿನ ಮೇಲಿಟ್ಟು
ಇಲ್ಲ ಅನ್ನುತ್ತೇನೆ.
ಹೂಂ ಅನ್ನುತ್ತಾನೆ, ಏಣಿ ಬಿಡದೆ.