ಪೆಟ್ಟಿಗೆ ಕ್ಷೇಮ

ಆದವಾನಿಯಿಂದ ಜೀಪಿನಲ್ಲಿ ಬಂದವರು
ಶಾಲೆಯ ಮಾಳಿಗೆ ಮೇಲೆ
ಕೋಳಿಗೂಡಿನ ಜಾಲರಿಯ ಕೊಡೆಯೊಂದನ್ನು ಅಂಗಾತ ಇಟ್ಟು
ಬೆರಳಗಲ ಬೆರಳಗಲ ತಿರುಗಿಸಿ
ಕೀಲಿಯನ್ನು ಜವಾನ ಖಾದರಲಿಂಗನ ಉಡಿದಾರಕ್ಕೆ ಕಟ್ಟಿದರು.
ಜೊತೆಗೊಂದು ಕಟ್ಟು ಕಾರ್ಡು:
ಕೆಟ್ಟರೆ ಬರೆ.

ಸಂಜೆ ತೆಲುಗು, ಆಮೇಲೆ ನಮ್ಮ ಪಾಳಿ.
ನಮಗೇನು, ಎರಡೂ ಮನೆಮಾತೇ,
ಬೈಯಲಿಕ್ಕೆ ಅದು, ಅಳಲಿಕ್ಕೆ ಇದು.
ಕೆರೆಯಿಲ್ಲದ ಊರಿಗೆ ಮೀನು ಸಾಕುವುದು ಹೇಳಿಕೊಟ್ಟರು.
ಕೇಳಿದೆವು.
ಹಂಪವ್ವ ಸೆರಗು ಸರಿಮಾಡಿಕೊಂಡು
ವಾರ್ತೆಯ ಹುಡುಗನಿಗೆ
‘ಉಂಡೀಯೇನಪ್ಪಾ’ ಅಂದಳು.

ಒಂದಿನ ಚಿತ್ರ ಹೋಗಿ ಬಿಳಿ ಬಿಳಿ ಉದುರತೊಡಗಿತು.
ಹಿಮ ಬಿದ್ದ ಹಾಗೆ, ಎಂದರು ಮಾಸ್ತರು.
ಜಿನ್ನಿನಿಂದ ನೇರ ಬಂದ ಹೆಂಗಸರು
ತಲೆಯ ಅರಳೆ ಕೊಡವಿ ನಕ್ಕರು:
ಹಗಲೆಲ್ಲ ನೋಡಿದ್ದನ್ನೇ ತೋರಸ್ತಾನಲ್ಲೋ, ಆರಿಸು.

ಖಾದರಲಿಂಗ ಬರೆದ: ಚಿತ್ರ ಇಲ್ಲ. ದನಿ ಐತಿ.
ಮೂರನೆಯ ದಿನ ಜೀಪು ಬಂತು.

ವರ್ಷ ತುಂಬಿತು.
ಮೇಲಿನ ಉಪಗ್ರಹವನ್ನು ಅದರ ಒಡೆಯರು
ಬೇರೆ ಕಡೆ ಸರಿಸಿಕೊಂಡರಂತೆ.
ಮೊದಲೇ ಹೇಳಿದ್ದರು, ನಾವು ನಂಬಿರಲಿಲ್ಲ.
ನಾಗರ ಪಂಚಮಿಯ ಮರುದಿನ
ಉಳಿದ ಉಂಡಿ ಉಡಿಯಲ್ಲಿ ಕಟ್ಟಿಕೊಂಡು
ನೀರು ಹೊಡೆದ ಅಂಗಳದಲ್ಲಿ ಎಂದಿನಂತೆ ಕೂತೆವು.
ಅರಳೆ ಉದುರಿತು. ಬಹಳ ಹೊತ್ತು ನೋಡಿದೆವು.
ಈ ಸಲ ಯಾರೂ ಆರಿಸು ಅನ್ನಲಿಲ್ಲ.

ಕಟ್ಟಿನಲ್ಲಿ ಒಂದೇ ಕಾರ್ಡು ಉಳಿದಿತ್ತು.
ಖಾದರಲಿಂಗ ಲಾಟೀನು ಹತ್ತಿರ ಎಳೆದುಕೊಂಡ:
ಚಿತ್ರ ಇಲ್ಲ. ದನಿ ಇಲ್ಲ. ಪೆಟ್ಟಿಗೆ ಕ್ಷೇಮ.

ಹಂಪವ್ವ ಹಣಿಕಿ ಹಾಕಿ,
ಇನ್ನೂ ಜಾಗ ಐತಲ್ಲೋ,
ಆ ಹುಡುಗ ಉಂಡನೋ ಇಲ್ಲೋ
ಕೇಳು, ಅಂದಳು.