ಇನ್ನೊಂದು ತೋಳಿನ ಹಂದಿ

ತಬುಕ್ ಪಟ್ಟಣದ ಆಸ್ಪತ್ರೆ, ಏಳನೆಯ ಮಂಚ.
ಅಜ್ಜಿಯ ಎಡತೋಳು ಹಿಡಿದು ನರ ಹುಡುಕುತ್ತಿದ್ದಾಳೆ
ನರ್ಸ್ ಜೊವೆಲಿನ್, ಕೆಳನಾಡಿನ ಹುಡುಗಿ.
ಸಿಗುತ್ತಿಲ್ಲ.
ಮಣಿಕಟ್ಟಿನಿಂದ ಭುಜದ ತನಕ
ಹರಿದಾಡುವ ಜರಿ, ಅಲ್ಲಾಡದ ಜರೀಗಿಡ,
ಹಾವಿನ ಹುರುಪೆ, ಗದ್ದೆಯ ಮೆಟ್ಟಿಲು,
ಅಕ್ಕಿ ಕೇರುವ ಮೊರದ ಹೆಣಿಗೆ.
ಹಸಿರಿಗೆ ತಿರುಗಿದ ಆ ಹಳೆಯ ಮಸಿಯ ಕೆಳಗೆ
ರಕ್ತ ಯಾವ ಹಾದಿ ಹಿಡಿದಿದೆಯೋ.

"ಈ ಕಾಡಲ್ಲಿ ದಾರಿಯೇ ಕಾಣಲ್ಲ, ಅಪೋ" ಎಂದಳು.
ಅಜ್ಜಿ ನಕ್ಕು ಇನ್ನೊಂದು ತೋಳು ಚಾಚಿದಳು.

ಅದು ಬರಿಯ ತೋಳು.
ಹುಟ್ಟಿದಾಗ ಹೇಗಿತ್ತೋ ಹಾಗೇ, ಸುಕ್ಕೊಂದು ಬಿಟ್ಟರೆ.

ಊರಿಗೆಲ್ಲ ಗೊತ್ತಿರುವ ಕತೆ; ನರ್ಸಿಗೆ ಹೊಸತು.
ಹದಿನಾಲ್ಕರ ಅಮ್ಮಿಲಾಯ್. ಬೆಟ್ಟದಾಚೆಯಿಂದ ಬಂದ
ಹಚ್ಚೆಯವಳು ಚುಮಾಲ್ಯ, ಒಂದು ಕಣ್ಣಿಗೆ ಪೊರೆ.
ಚಕ್ಕೋತದ ಮುಳ್ಳು, ಬಿದಿರ ಕಡ್ಡಿ,
ಚಿಪ್ಪಿನಲ್ಲಿ ಕಲಸಿದ ಮಡಕೆಮಸಿ.
ಹುಲ್ಲೆಸಳು ಅದ್ದಿ ಗೆರೆ ಎಳೆದು
ಟಕ್ ಟಕ್ ಟಕ್ ಟಕ್
ಎರಡು ಹಗಲು. ಮೂರನೆಯ ದಿನ ಜ್ವರ,
ತೋಳು ಊದಿ ಬಾಳೆದಿಂಡು.
ಒಂದು ತೋಳಿಗೆ ಒಂದು ಹಂದಿ, ಒಂದೆಳೆ ಮಣಿಸರ.
ಇನ್ನೊಂದು ತೋಳಿನ ಹಂದಿ ಮನೆಯ ಕೆಳಗೇ ಇತ್ತು,
ಕಿವಿ ಸೀಳಿ ಗುರುತೂ ಮಾಡಿತ್ತು.

ಅಷ್ಟರಲ್ಲಿ ಹೊಳೆಯಾಚೆಯ ಊರಿನವರು
ಈಟಿ ಕೆಳಗಿಟ್ಟು ಮಾತಿಗೆ ಬಂದರು.
ಮೂರು ತಲೆಮಾರಿನ ಹಗೆ, ಲೆಕ್ಕವಿಲ್ಲದ ತಲೆಗಳು.
ಸಂಧಿಯೂಟಕ್ಕೆ ಮಾಂಸ ಬೇಕಲ್ಲ.
ಅಪ್ಪ ಹಂದಿಯನ್ನು ನೋಡಿದ, ಮಗಳನ್ನು ನೋಡಿದ,
ಹಂದಿಯ ಕಾಲು ಕಟ್ಟಿದ.

"ತುಂಬ ಅತ್ತಿರಾ?" ಜೊವೆಲಿನ್ ಕೇಳಿದಳು.
"ತಿಂದೆ. ಒಳ್ಳೆ ಕೊಬ್ಬಿತ್ತು."

ಆಮೇಲೆ ಚುಮಾಲ್ಯ ಸತ್ತಳು. ಶಾಲೆ ಬಂತು.
ಟೀಚರು ಎಲ್ಲರಿಗೂ ಉದ್ದತೋಳಿನ ಅಂಗಿ ಹೊಲಿಸಿದರು.
ನೀರಿನ ದಾರಿಯಲ್ಲಿ ಗೆಳತಿಯರು ಕೆಣಕಿದರು:
ಅರ್ಧ ಬೆಂದ ಗೆಣಸು, ಯಾರು ತಿಂದಾರು?
(ತಿಂದವನು ಹೊಳೆಯಾಚೆಯ ಊರಿನವನು. ನನ್ನ ತಾತ.)

ಹಿರಿಯರ ಮಾತು: ಸತ್ತ ಮೇಲೆ
ಮಣಿ ಜೊತೆಗೆ ಬರಲ್ಲ, ಬಟ್ಟೆ ಬರಲ್ಲ;
ಅಲ್ಲಿರುವವರು ತೋಳು ನೋಡಿ ಒಳಗೆ ಕರೆಯುತ್ತಾರೆ.
ಹಾಗಾದರೆ ಅರ್ಧದವಳನ್ನು ಬಾಗಿಲಲ್ಲೇ ನಿಲ್ಲಿಸುತ್ತಾರಾ?
ಚಿಕ್ಕವಳಿದ್ದಾಗ ಕೇಳಿದ್ದೆ.
"ಅಪ್ಪ ಅಲ್ಲೇ ಇದ್ದಾನಲ್ಲ, ಅವನೇ ಜವಾಬು ಕೊಡಲಿ."

ಜೊವೆಲಿನ್ ಎರಡು ಬೆರಳಿಂದ ಮೊಳಕೈ ಒಳಗೆ ಬಡಿದಳು.
ಟಕ್ ಟಕ್.
ಅಜ್ಜಿ ಕಣ್ಣು ಮುಚ್ಚಿದಳು. ಅವಳ ತುಟಿ
ಏನನ್ನೋ ಎಣಿಸುತ್ತಿತ್ತು.
ನರ ಎದ್ದಿತು, ಸೂಜಿ ಇಳಿಯಿತು.
"ನಿನ್ನ ಮುಳ್ಳು ಸಣ್ಣದು" ಎಂದಳು. "ಎಷ್ಟು ಹಂದಿ?"
"ಸರ್ಕಾರ ಕೊಡುತ್ತೆ, ಅಪೋ."
"ಸರ್ಕಾರದ ಹತ್ತಿರ ಹಂದಿ ಇದೆಯಾ?"

ಮರುದಿನ ಸೂಜಿ ಕಿತ್ತಲ್ಲಿ ರಕ್ತ ಹೆಪ್ಪುಗಟ್ಟಿ
ಕಪ್ಪುನೀಲಿ ಕಲೆ, ಬದನೆ ಹೂವಿನಷ್ಟು.
ನಾನು ಎಳನೀರು ಹಿಡಿದು ನಿಂತಿದ್ದೆ.
ತೋಳನ್ನು ನನ್ನ ಮೂಗಿನ ಹತ್ತಿರ ತಂದು,
ಪಕ್ಕದ ಮಂಚದವರಿಗೆ ಕೇಳದ ಹಾಗೆ ಪಿಸುಗುಟ್ಟಿದಳು:
"ನೋಡು. ಶುರುವಾಯ್ತು."